ಐದನೆಯ ಗೇಣು

ಆ ಮನೆಯಲ್ಲಿದ್ದದ್ದು ನಾಲ್ಕೇ ಹೆಣ್ಣುಮಕ್ಕಳು. ಆದರೂ ಕೊನೆಯವಳನ್ನು ಅಮ್ಮ ಹುಟ್ಟಿದಾಗಿನಿಂದ ಕರೆದದ್ದು ‘ಐದು’ ಎಂದೇ. ಐದು ಉಂಡಳಾ, ಐದಕ್ಕೆ ಜ್ವರ ಬಿಟ್ಟಿತಾ, ಐದು ಇನ್ನೂ ಶಾಲೆಯಿಂದ ಬಂದಿಲ್ಲ. ಮನೆಗೆ ಬಂದವರು ಬೆರಳು ಮಡಿಸಿ ಹುಡುಗಿಯರನ್ನು ಎಣಿಸುತ್ತಿದ್ದರು, ಲೆಕ್ಕ ತಾಳೆಯಾಗದೆ ಇನ್ನೊಮ್ಮೆ ಎಣಿಸುತ್ತಿದ್ದರು. ವಿವರಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಎರಡನೆಯವಳಿಗೂ ನಾಲ್ಕನೆಯವಳಿಗೂ ನಡುವೆ ಒಂದು ಹೆಣ್ಣುಕೂಸು ಹುಟ್ಟಿ, ಹತ್ತೊಂಬತ್ತು ದಿನ ಇದ್ದು ಹೋಗಿತ್ತು. ಹೆಸರಿಡಿಸಿಕೊಳ್ಳುವಷ್ಟು ಪುರಸೊತ್ತೂ ಅದಕ್ಕಿರಲಿಲ್ಲ. ಅಮ್ಮ ಅದನ್ನು ಎಣಿಕೆಯಿಂದ ತೆಗೆದಿರಲಿಲ್ಲ, ಅಷ್ಟೆ.

ಹಾಗಾಗಿ ಹಳೆಯ ಮನೆಯ ನಡುಕೋಣೆಯ ಗೋಡೆಯಲ್ಲಿ ಐದು ಗೂಡುಗಳಿದ್ದವು. ಸಾಲಾಗಿ, ಒಂದೊಂದೂ ಅಮ್ಮನ ಕೈಯಳತೆಯಲ್ಲಿ ಒಂದು ಗೇಣು ಅಗಲ. ನಾಲ್ಕು ತಲೆಗೆ ಒಂದೇ ಬಾಚಣಿಗೆ ಕೊಟ್ಟರೆ ಬೆಳಗಾಗೆದ್ದು ರಣರಂಗವಾಗುತ್ತದೆ ಎಂದು ಅಮ್ಮ ಒಬ್ಬೊಬ್ಬಳಿಗೂ ಒಂದು ಬಾಚಣಿಗೆ, ಒಂದು ಕನ್ನಡಿ, ಎರಡು ಟೇಪು ಕೊಟ್ಟು ಗೂಡು ಹಂಚಿದ್ದಳು. ಯಾರೂ ಯಾರಿಗೂ ಕಾಯಬೇಕಾಗಿಲ್ಲ, ಯಾರೂ ಯಾರದ್ದನ್ನೂ ಮುಟ್ಟುವಂತಿಲ್ಲ. ಎಲ್ಲರಿಗಿಂತ ಹೆಚ್ಚು ಸರಂಜಾಮಿನ ದೊಡ್ಡಕ್ಕನನ್ನು ನೋಡಿ ಅಳತೆ ಇಟ್ಟದ್ದರಿಂದ ಉಳಿದವರಿಗೆ ಸ್ವಲ್ಪ ಧಾರಾಳವೇ ಆಗಿತ್ತು. ಮೂರನೆಯ ಗೂಡು ಮಾತ್ರ ಖಾಲಿ. ಅದನ್ನೂ ಅಮ್ಮ ದಿನಾ ಒರೆಸುತ್ತಿದ್ದಳು. ಏಳು ವರ್ಷದವಳಿದ್ದಾಗ ಕಿರಿಯವಳು, ಖಾಲಿ ಬಿದ್ದಿದೆಯಲ್ಲ ಎಂದು ತನ್ನ ಗೊಂಬೆಗಳನ್ನು ಅಲ್ಲಿ ಕೂರಿಸಿದಳು. ಅಮ್ಮ ಬೈಯಲಿಲ್ಲ. ಗೊಂಬೆಗಳನ್ನು ಒಂದೊಂದಾಗಿ ಎತ್ತಿ ಐದನೆಯ ಗೂಡಿಗೆ ಸೇರಿಸಿ, ಅವತ್ತೆಲ್ಲ ಮಾತೇ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಆ ಕಿರಿಯವಳಿಗೆ ಈಗ ನಲವತ್ತು. ಅಕ್ಕಂದಿರು ಮೂವರೂ ಮದುವೆಯಾಗಿ ಬೇರೆ ಬೇರೆ ಊರುಗಳಲ್ಲಿದ್ದಾರೆ, ಇವಳು ಅಮ್ಮನ ಜೊತೆ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಪೆಟ್ಟಿಗೆ ಮಾಡುವ ಹನ್ನೆರಡು ಜನರ ಪುಟ್ಟ ಕಂಪನಿಯಲ್ಲಿ ಇವಳದು ‘ಕರ್ನಲ್’ ಬರೆಯುವ ಕೆಲಸ. ಪೆಟ್ಟಿಗೆ ಕಣ್ಣುಬಿಟ್ಟ ಕೂಡಲೇ ಎಲ್ಲಕ್ಕಿಂತ ಮೊದಲು ಎದ್ದು, ಒಳಗಿನ ಜಾಗವನ್ನೆಲ್ಲ ಯಾರಿಗೆ ಎಷ್ಟೆಂದು ಹಂಚುವ ತಂತ್ರಾಂಶ ಅದು. ಒಂದು ಚಿಪ್‌ನೊಳಗೆ ಎಂಟು ಪ್ರೊಸೆಸರ್‌ಗಳು ಒಟ್ಟಿಗೆ ದುಡಿಯುತ್ತವೆ. ಎಂಟೂ ಒಂದೇ ಪುಸ್ತಕದಲ್ಲಿ ಗುರುತು ಹಾಕಲು ಹೊರಟರೆ ನೂಕುನುಗ್ಗಲು. ಅದಕ್ಕೇ ಮೆಮೊರಿಯಲ್ಲಿ ಒಂದೊಂದಕ್ಕೂ ಒಂದೇ ಅಳತೆಯ ಸ್ವಂತ ಜಾಗ ಕೊಟ್ಟಿರುತ್ತೇವೆ ಎಂದು ಅವಳು ಒಮ್ಮೆ ಅಮ್ಮನಿಗೆ ಬಿಡಿಸಿ ಹೇಳಿದ್ದಳು. ಅಮ್ಮ ಗಂಭೀರವಾಗಿ ಕೇಳಿಸಿಕೊಂಡು, ಅಂದರೆ ನಮ್ಮ ಗೂಡೇ ತಾನೆ, ಅದಕ್ಕೆ ಇಷ್ಟು ವರ್ಷ ಓದಬೇಕಿತ್ತಾ ಎಂದಿದ್ದಳು.

ಅಮ್ಮನ ಕಣ್ಣು ಆರು ವರ್ಷಗಳಿಂದ ಮಸುಕಾಗುತ್ತ ಬಂದು, ಈಗ ಅಂಚಿನಲ್ಲಿ ಒಂದಿಷ್ಟು ಬೆಳಕು ಬಿಟ್ಟರೆ ಏನೂ ಉಳಿದಿಲ್ಲ. ಮಗಳ ಕಂಪನಿಯ ಪೆಟ್ಟಿಗೆಯೇ ಅವಳ ಮಧ್ಯಾಹ್ನ. ಇಟ್ಟಿಗೆಯಷ್ಟು ದಪ್ಪ, ಮೇಲೆ ಐದು ಗುಂಡಿ, ಪಕ್ಕದಲ್ಲಿ ವೇಗಕ್ಕೊಂದು ಚಕ್ರ. ಬೆರಳುಗಳಿಗೆ ಅದನ್ನು ಕಲಿಸಲು ಅಮ್ಮನಿಗೆ ಒಂದು ವರ್ಷ ಹಿಡಿದಿತ್ತು. ಕಲಿತ ಮೇಲೆ ಹಿಡಿಯುವವರಿರಲಿಲ್ಲ. ಚಕ್ರ ಕೊನೆಯ ತನಕ ತಿರುಗಿಸಿ ಅವಳು ಕೇಳುವ ವೇಗಕ್ಕೆ ಬೇರೆಯವರಿಗೆ ಅದು ಮಾತು ಎಂದೇ ಗೊತ್ತಾಗುತ್ತಿರಲಿಲ್ಲ, ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ ಹಾಗೆ ಕೇಳುತ್ತಿತ್ತು. ಯಾರಾದರೂ ಕೋಣೆಗೆ ಬಂದರೆ ಮಾತ್ರ ಅಮ್ಮ ಚಕ್ರ ಹಿಂದಕ್ಕೆ ತಿರುಗಿಸುತ್ತಿದ್ದಳು, ಪಾಪ ಅವರಿಗೂ ಅರ್ಥವಾಗಲಿ ಎಂಬ ಮರ್ಯಾದೆಗೆ.

ಈ ವರ್ಷ ಹೊಸ ತಂತ್ರಾಂಶ ಬಂತು. ಹಳೆಯ ಪೆಟ್ಟಿಗೆಗಳ ಮೆಮೊರಿಯಲ್ಲಿ ಅದು ಹಿಡಿಸುತ್ತಿರಲಿಲ್ಲ. ಹಿಡಿಸದಿದ್ದರೆ ಹಳೆಯ ಮುನ್ನೂರು ಪೆಟ್ಟಿಗೆಗಳನ್ನೂ ವಾಪಸ್ ತರಿಸಿ ಹೊಸದನ್ನು ಕೊಡುವುದು ಎಂದಾಯಿತು. ಹೊಸದು ನುಣ್ಣಗಿನ ಗಾಜು, ಬೆರಳಿಗೆ ಸಿಗುವಂಥದ್ದು ಏನೂ ಇಲ್ಲ. ಅಮ್ಮ ಅದರ ಮುಂದೆ ಕೂತು ತಡಕಾಡುವುದನ್ನು ನೆನೆಸಿಕೊಂಡೇ ಕಿರಿಯವಳು ಹಳೆಯ ಪೆಟ್ಟಿಗೆಯ ಲೆಕ್ಕ ತೆಗೆದು ಕೂತಳು. ಹೇಗಾದರೂ ಜಾಗ ಉಳಿಸಬೇಕೆಂದು ಮೂಲೆಮೂಲೆ ಹುಡುಕಿದಳು. ಹುಡುಕುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವರಿಗೆ ಬರುತ್ತಿದ್ದದ್ದು ಎರಡನೆಯ ದರ್ಜೆಯ ಚಿಪ್‌ಗಳು. ಎಂಟರಲ್ಲಿ ಎರಡು ಪ್ರೊಸೆಸರ್ ಸರಿಯಿಲ್ಲವೆಂದು ಕಾರ್ಖಾನೆಯಲ್ಲೇ ಮುಚ್ಚಿಬಿಟ್ಟಿರುತ್ತಾರೆ. ದುಡಿಯುವುದು ಆರೇ. ಆದರೂ ಕರ್ನಲ್ ಪ್ರತಿಸಲ ಎದ್ದಾಗಲೂ ಶ್ರದ್ಧೆಯಿಂದ ಎಂಟು ಗೂಡು ಕಟ್ಟುತ್ತಿತ್ತು. ಯಾರೂ ಬಾರದ ಗೂಡಿಗೆ ಯಾಕೆ ಜಾಗ? ಇದ್ದವರ ತಲೆ ಎಣಿಸಿ ಅಷ್ಟೇ ಗೂಡು ಕಟ್ಟು ಎಂದು ಅವಳು ಬರೆದಳು. ಆರು ಗೂಡು. ಮೇಜಿನ ಮೇಲಿದ್ದ ತನ್ನ ಪೆಟ್ಟಿಗೆಯಲ್ಲಿ ಮೂರು ದಿನ ಓಡಿಸಿ ನೋಡಿದಳು, ಕೂದಲೆಳೆಯಷ್ಟೂ ತೊಂದರೆಯಿಲ್ಲ. ಉಳಿದ ಜಾಗದಲ್ಲಿ ಹೊಸದೆಲ್ಲ ಸಲೀಸಾಗಿ ಕೂತಿತು. ಅಂತೂ ಮುದುಕ ಪೆಟ್ಟಿಗೆಗಳು ಬದುಕಿಕೊಂಡವು ಎಂದು ಮ್ಯಾನೇಜರ್ ಎಲ್ಲರೆದುರು ಹೊಗಳಿದರು. ತಂತ್ರಾಂಶ ಮುನ್ನೂರು ಮನೆಗಳಿಗೆ ಹೋಯಿತು, ಅಮ್ಮನ ಪೆಟ್ಟಿಗೆಗೂ.

ಅದೇ ವಾರ ಮನೆ ಬದಲಾಯಿಸಿದರು. ಹೊಸ ಮನೆಯ ಗೋಡೆಯಲ್ಲಿ ಗೂಡುಗಳಿರಲಿಲ್ಲ, ಮರದಲ್ಲಿ ಮಾಡಿಸಬೇಕಿತ್ತು. ಬಡಗಿ ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು, ಗೇಣಗಲದವು ಎಷ್ಟು ಬೇಕು, ಬೇಗ ಹೇಳಿ, ಹಲಗೆ ಕೊಯ್ದ ಮೇಲೆ ನನ್ನನ್ನು ಅನ್ನಬೇಡಿ ಎಂದು ನಿಂತಿದ್ದ. ಬಾಗಿಲ ಪಕ್ಕದ ಗೋಡೆ ಗಿಡ್ಡ. ಅದರಲ್ಲೇ ಚಪ್ಪಲಿ ಕಪಾಟೂ ಹಿಡಿಸಬೇಕು. ತಲೆಯಲ್ಲಿ ಆರು ಗೂಡಿನ ಗೆಲುವು ಇನ್ನೂ ಗುಂಯ್‌ಗುಡುತ್ತಿತ್ತು. ಅವಳ ಬಾಯಿಂದ ಹೊರಬಿದ್ದದ್ದು ‘ನಾಲ್ಕು’. ಅಮ್ಮನಿಗೆ ನಾಳೆ ಹೇಳಿದರಾಯಿತು ಎಂದುಕೊಂಡಳು, ಆ ನಾಳೆ ಬರಲೇ ಇಲ್ಲ. ಬಡಗಿ ನಾಲ್ಕು ಗೂಡು ಮಾಡಿ, ಅದೇ ಮರದಲ್ಲಿ, ಅದೇ ಎತ್ತರಕ್ಕೆ, ಅಂಟಿಕೊಂಡ ಹಾಗೇ ಚಪ್ಪಲಿ ಕಪಾಟನ್ನೂ ನಿಲ್ಲಿಸಿ ಹೋದ.

ಹದಿನೈದು ದಿನ ಕಳೆಯುವುದರೊಳಗೆ ವಸ್ತುಗಳು ದಾರಿ ತಪ್ಪತೊಡಗಿದವು. ಅಮ್ಮ ತೊಳೆದೊರೆಸಿ ಎತ್ತಿಟ್ಟ ಕನ್ನಡಕ ಚಪ್ಪಲಿ ಕಪಾಟಿನ ಮೇಲಿನ ಖಾನೆಯಲ್ಲಿ ಸಿಕ್ಕಿತು. ಇಸ್ತ್ರಿ ಮಾಡಿದ ಕರವಸ್ತ್ರ ಪಾಲಿಶ್ ಡಬ್ಬಿಯ ಪಕ್ಕ. ಆಫೀಸಿನ ಗುರುತುಪಟ್ಟಿ ಬೂಟಿನ ಬ್ರಷ್ಷಿನ ಕೆಳಗೆ. ಎಲ್ಲವೂ ಇವಳವೇ. ಅಕ್ಕಂದಿರು ಬಿಟ್ಟುಹೋದ ಶಾಲು, ಅವರಿಗೆಂದು ತೆಗೆದಿರಿಸಿದ ಸೋಪು, ಎಲ್ಲ ಅವರವರ ಗೂಡುಗಳಲ್ಲೇ ಇದ್ದವು. ಮೂರನೆಯ ಗೂಡು ಖಾಲಿ ಇಟ್ಟುಕೊಂಡು ನನ್ನ ಕನ್ನಡಕವನ್ನು ಚಪ್ಪಲಿ ಜೊತೆ ಇಡುತ್ತಾಳಲ್ಲ ಎಂದು ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಎರಡೂ ಹೋಗಿ ಹೆದರಿಕೆ ಬಂತು. ಕೇಳಿದರೆ ಅಮ್ಮ, ನಿನ್ನ ಗೂಡಲ್ಲೇ ಇಟ್ಟಿದ್ದೀನಲ್ಲ ಎನ್ನುತ್ತಿದ್ದಳು, ಕಡ್ಡಿ ಮುರಿದಂತೆ.

ಅದರ ಮೇಲೆ ಪೆಟ್ಟಿಗೆಯ ಕಥೆ. ಅಮ್ಮ ಆಗ ಕೇಳುತ್ತಿದ್ದದ್ದು ಒಬ್ಬ ಅಂಬಿಗನ ದೊಡ್ಡ ಕಾದಂಬರಿ. ಒಂದು ಸಂಜೆ ತಟ್ಟೆಯ ಮುಂದೆ ಕೂತವಳು ಕೈ ತಡೆದು ಹೇಳಿದಳು:

"ಆ ಅಂಬಿಗ ಮೊನ್ನೆನೇ ಹೊಳೇಲಿ ಮುಳುಗಿ ಸತ್ತ ಕಣೇ. ಇವತ್ತು ಮತ್ತೆ ಬಂದು, ನನ್ನ ಟೋಪಿ ಎಲ್ಲಿ ಅಂತ ಕೇಳಿದ. ಹೆಂಡತಿ ಅಳ್ತಾ ಇದ್ಲು, ನಡುವೆ ಬಂದು ಕೇಳಿ ಹೋದ."

ಕಿರಿಯವಳು ಎದ್ದು ಹೋಗಿ ಆ ಪುಟವನ್ನು ಹಾಕಿ ಕೇಳಿದಳು. ಅಮ್ಮ ಚಕ್ರವನ್ನು ನಿಧಾನಕ್ಕೆ ತಿರುಗಿಸಿಕೊಟ್ಟಳು. ಹೆಂಡತಿ ಅಳುತ್ತಿದ್ದಳು, ಹೊಳೆ ಹರಿಯುತ್ತಿತ್ತು, ಅಂಬಿಗ ಬರಲಿಲ್ಲ. ಮರುದಿನ ಮತ್ತೆ ಬಂದ ಎಂದಳು ಅಮ್ಮ. ಮತ್ತೆ ಕೇಳಿದರೆ ಇಲ್ಲ.

ದೊಡ್ಡಕ್ಕನಿಗೆ ಫೋನಿನಲ್ಲಿ ಹೇಳಿದಳು. ದೊಡ್ಡಕ್ಕ ಯಾವುದನ್ನೂ ನಾಳೆಗೆ ಬಿಡುವವಳಲ್ಲ. ವಾರದೊಳಗೆ ಮರೆವಿನ ಡಾಕ್ಟರರ ಹತ್ತಿರ ಸೋಮವಾರಕ್ಕೆ ಹೊತ್ತು ಗೊತ್ತುಮಾಡಿದಳು, ತನ್ನೂರಿನ ಆರೈಕೆ ಕೇಂದ್ರವೊಂದನ್ನು ಕಣ್ಣಾರೆ ನೋಡಿ ಬಂದಳು, ಕಿಟಕಿ ಪಕ್ಕದ ಒಂದು ಮಂಚ ಹಿಡಿದಿಡಲು ಹೇಳಿಯೂ ಬಂದಳು. ನೀನು ದಿನವಿಡೀ ಆಫೀಸಿನಲ್ಲಿರುತ್ತೀಯ, ಅಮ್ಮ ಒಲೆ ಹಚ್ಚಿ ಮರೆತರೆ ಏನು ಗತಿ ಎಂದಳು. ಅಮ್ಮ ಮಾಡುವ ತಪ್ಪುಗಳನ್ನೆಲ್ಲ ಬರೆದಿಡಿ ಎಂದು ಡಾಕ್ಟರರು ಹೇಳಿಕಳಿಸಿದ್ದರು. ಕಿರಿಯವಳು ಬರೆಯತೊಡಗಿದಳು. ಒಂದೊಂದು ಸಾಲು ಬರೆದಾಗಲೂ ಅಮ್ಮನನ್ನು ತಾನೇ ಒಂದೊಂದು ಹೆಜ್ಜೆ ಹೊರಗೆ ನೂಕುತ್ತಿದ್ದೇನೆ ಅನ್ನಿಸುತ್ತಿತ್ತು. ಶನಿವಾರದ ಹೊತ್ತಿಗೆ ಹನ್ನೊಂದು ಸಾಲಾಗಿತ್ತು.

ಆ ದಿನಗಳಲ್ಲಿ ಅವಳಿಗೆ ಆಫೀಸಿನಲ್ಲಿ ಊಟದ ನಂತರ ಕುರ್ಚಿಯಲ್ಲೇ ಜೊಂಪು ಹತ್ತುತ್ತಿತ್ತು, ಹತ್ತಿದ ಕೂಡಲೇ ಒಂದೇ ಕನಸು. ಉದ್ದನೆಯ ಓಣಿ, ಒಂದೇ ಪಕ್ಕದಲ್ಲಿ ಬಾಗಿಲುಗಳು, ಅವಳ ಕೈಯಲ್ಲಿ ಯಾರದೋ ಬಾಚಣಿಗೆ. ಗಾಳಿ ನೀರಿನ ಹಾಗೆ ಮಂದವಾಗಿದೆ. ಬಾಗಿಲು ಎಣಿಸುತ್ತ ನಡೆಯುತ್ತಾಳೆ. ತನ್ನದರ ಹೊತ್ತಿಗೆ ಬಾಗಿಲುಗಳು ಮುಗಿದು ಬರೀ ಬಿಸಿಲು ಇರುತ್ತದೆ, ಬಿಸಿಲಿನಲ್ಲಿ ಬೇರೆ ಯಾರದೋ ಸಾಮಾನು ಹರಡಿರುತ್ತದೆ.

ಶನಿವಾರ ಅರ್ಧ ದಿನದ ರಜೆ ಹಾಕಿ ಮನೆಗೆ ಬಂದಳು. ಬಾಗಿಲು ಓರೆಯಾಗಿತ್ತು. ಪರದೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು, ನೆಲದ ಮೇಲೆ ಬಿಸಿಲು ಹಾಲಿನ ಕೆನೆಯಂತೆ ಮಡಿಕೆ ಬಿದ್ದಿತ್ತು. ಪೆಟ್ಟಿಗೆ ಪೂರ್ತಿ ವೇಗದಲ್ಲಿ ಉದುರಿಸುತ್ತಿತ್ತು. ಆ ಸದ್ದಿನಲ್ಲಿ ಮಗಳು ಬಂದದ್ದು ಅಮ್ಮನಿಗೆ ಕೇಳಿಸಲಿಲ್ಲ. ಅಮ್ಮನ ಎಡಗೈಯಲ್ಲಿ ಮಡಿಸಿದ ಕರವಸ್ತ್ರವಿತ್ತು, ಮೂಲೆಯಲ್ಲಿ ನೀಲಿ ಹೂವಿನದು, ಕಿರಿಯವಳದು. ಗೂಡಿನ ಎಡತುದಿಗೆ ಬಲಗೈ ಹೆಬ್ಬೆರಳು ಊರಿ ಅಮ್ಮ ಕಿರುಬೆರಳು ಚಾಚಿದಳು. ಒಂದು ಗೇಣು. ಕಿರುಬೆರಳಿದ್ದಲ್ಲಿಗೆ ಹೆಬ್ಬೆರಳು ತಂದು ಮತ್ತೊಂದು. ಎರಡು. ಮೂರರ ಮೇಲೆ ಕೈ ಸ್ವಲ್ಪ ನಿಂತು, ಅಂಗೈಯಿಂದ ಹಲಗೆಯನ್ನು ಒಮ್ಮೆ ಸವರಿತು. ನಾಲ್ಕು. ಐದು. ಐದನೆಯ ಗೇಣು ಗೂಡುಗಳ ಸಾಲನ್ನು ದಾಟಿ ಚಪ್ಪಲಿ ಕಪಾಟಿನ ಮೇಲಿನ ಖಾನೆಗೆ ಹೋಗಿ ನಿಂತಿತು. ಅದೇ ಮರ, ಅದೇ ಎತ್ತರ. ಅಮ್ಮ ಕರವಸ್ತ್ರವನ್ನು ಅಲ್ಲಿಟ್ಟು, ಸೊಟ್ಟಗಾಗಿದೆಯೇನೋ ಎಂದು ನೇರ ಮಾಡಿ, ಕೈ ತೆಗೆದಳು. ಎಳ್ಳಷ್ಟೂ ತಪ್ಪಿರಲಿಲ್ಲ.

ಕಿರಿಯವಳು ಬಾಗಿಲಲ್ಲೇ ನಿಂತು ಆ ಗೇಣುಗಳನ್ನು ಬೆರಳು ಮಡಿಸಿ ಮತ್ತೆ ಎಣಿಸಿದಳು. ಅಷ್ಟರಲ್ಲಿ ಪೆಟ್ಟಿಗೆಯ ಆ ಉದುರುವ ಸದ್ದಿನ ನಡುವೆ ‘ಟೋಪಿ’ ಎಂಬ ಮಾತು ಅವಳ ಕಿವಿಗೂ ಬಿತ್ತು.

ಗೂಡಿನದೂ ಪೆಟ್ಟಿಗೆಯದೂ ಎರಡೂ ಒಟ್ಟಿಗೆ ಹೊಳೆದವು. ಪಕ್ಕದವರನ್ನು ಮುಚ್ಚಿದರೂ ಪ್ರೊಸೆಸರ್‌ನ ಸಂಖ್ಯೆ ಬದಲಾಗುವುದಿಲ್ಲ. ಎಂಟನೆಯದು ಎಂದೆಂದಿಗೂ ಎಂಟನೆಯದೇ, ಅದು ತನ್ನ ಗೂಡು ಹುಡುಕುವುದೂ ಹೀಗೇ, ಮೊದಲ ತುದಿಯಿಂದ ಗೇಣು ಹಾಕುತ್ತ. ಅವಳ ಮೇಜಿನ ಪೆಟ್ಟಿಗೆಯಲ್ಲಿ ಮುಚ್ಚಿದ್ದವು ಕೊನೆಯ ಎರಡು, ಹಾಗಾಗಿ ಆರು ಗೂಡು ಸಾಕಾಗಿತ್ತು. ಅಮ್ಮನ ಪೆಟ್ಟಿಗೆಯಲ್ಲಿ ಯಾವುವು ಮುಚ್ಚಿದ್ದವೆಂದು ನೋಡುವ ಬುದ್ಧಿ ಅವಳಿಗೆ ಬಂದಿರಲಿಲ್ಲ. ಆಮೇಲೆ ತೆರೆದು ನೋಡಿದಳು: ಎರಡನೆಯದು ಮತ್ತು ಆರನೆಯದು. ಏಳನೆಯದೂ ಎಂಟನೆಯದೂ ಜೀವಂತ. ಕೆಲಸ ಹಗುರವಾಗಿದ್ದಾಗ ಅವೆರಡೂ ಮಲಗಿರುತ್ತವೆ. ಅಮ್ಮ ಚಕ್ರವನ್ನು ಕೊನೆಗೆ ತಿರುಗಿಸಿದಾಗ ಎದ್ದು, ಗೇಣು ಹಾಕುತ್ತ ಬಂದು, ತಮಗೆ ಗೂಡಿಲ್ಲವೆಂದು ಅರಿಯದೆ ಪಕ್ಕದವರ ಜಾಗದಲ್ಲಿ ತಮ್ಮ ಸಾಮಾನಿಡುತ್ತವೆ. ಆ ಪಕ್ಕದ ಜಾಗದಲ್ಲಿದ್ದದ್ದು ಓದಬೇಕಾದ ಪುಟದ ಗುರುತು. ಗುರುತು ಕೆಟ್ಟು, ಪೆಟ್ಟಿಗೆ ಹಳೆಯ ಪುಟಕ್ಕೆ ಹೋಗಿ ಒಂದು ಸಾಲು ಓದಿ ಮರಳುತ್ತಿತ್ತು. ಅಂಬಿಗ ದಿನಾ ನಿಜವಾಗಿಯೇ ಬರುತ್ತಿದ್ದ. ಮಗಳು ಕೇಳಲು ಕೂತಾಗ ಅಮ್ಮ ಮರ್ಯಾದೆಗೆ ವೇಗ ತಗ್ಗಿಸುತ್ತಿದ್ದಳು, ಅದಕ್ಕೇ ಮಗಳಿಗೆ ಮಾತ್ರ ಅವನು ಸಿಗುತ್ತಿರಲಿಲ್ಲ.

ಅಮ್ಮ ಮರಳಿ ಬಂದು ಪೆಟ್ಟಿಗೆಯ ಮುಂದೆ ಕೂತಾಗ ಅವಳೂ ಪಕ್ಕ ನೆಲದ ಮೇಲೆ ಕೂತಳು. ಬಡಗಿಗೆ ನಾಲ್ಕು ಎಂದು ಹೇಳಿದ್ದನ್ನು ಹೇಳಿದಳು. ಅಮ್ಮ ಪೆಟ್ಟಿಗೆ ನಿಲ್ಲಿಸಿ, ಎದ್ದು ಹೋಗಿ, ಇನ್ನೊಮ್ಮೆ ಗೇಣು ಹಾಕದೆ ನಡುವಿನ ಹಲಗೆಗಳನ್ನೇ ಒಂದೊಂದಾಗಿ ಮುಟ್ಟಿ ನೋಡಿ ಬಂದಳು. ಬಂದು ಕೂತಳು. ಬೈಯುತ್ತಾಳೇನೋ ಎಂದು ಮಗಳು ಕಾದಳು.

"ಅದು ಇದ್ದಿದ್ದು ಹತ್ತೊಂಬತ್ತು ದಿನ," ಎಂದಳು ಅಮ್ಮ. "ಆ ಹತ್ತೊಂಬತ್ತು ದಿನ ನಾನು ಮೂರು ಮಕ್ಕಳ ತಾಯಿ. ಮಾರನೇ ದಿನ ಎದ್ದು ಎರಡು ಅಂತ ಹೇಗೆ ಎಣಿಸ್ಲಿ? ಒಂದ್ಸಲ ಮುಂದಕ್ಕೆ ಎಣಿಸಿದ್ಮೇಲೆ ಹಿಂದಕ್ಕೆ ಎಣಿಸೋಕೆ ನಂಗೆ ಬರ್ಲಿಲ್ಲ ಕಣೇ."

ಮಗಳ ತಲೆಯ ಮೇಲೆ ಕೈಯಾಡಿಸುತ್ತ ಮತ್ತೆ ಅಂದಳು:

"ನಿನ್ನನ್ನ ನಾಲ್ಕು ಅಂದ್ರೆ ನೀನೂ ಸಿಗಲ್ಲ. ಎಲ್ಲಿ ಅಂತ ಹುಡುಕ್ಲಿ?"

ಕಿರಿಯವಳು ಅತ್ತಳು. ನಲವತ್ತರ ಹೆಂಗಸು ಹಾಗೆ ಬಿಕ್ಕಿ ಬಿಕ್ಕಿ ಅಳುವುದು ನೋಡಲು ಚೆಂದವಲ್ಲ, ಆದರೆ ನೋಡುವವರು ಯಾರಿದ್ದರು? ಅತ್ತಾದ ಮೇಲೆ ಎದ್ದು ಚಪ್ಪಲಿ ಕಪಾಟಿನ ಮೇಲಿನ ಖಾನೆಯಿಂದ ಪಾಲಿಶ್ ಡಬ್ಬಿ, ಬ್ರಷ್ಷು, ಕೊಡೆ ಎಲ್ಲ ತೆಗೆದು ಮಂಚದ ಕೆಳಗೆ ತಳ್ಳಿ, ಖಾನೆಯನ್ನು ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿದಳು. ಬಾಚಣಿಗೆ, ಕನ್ನಡಕ, ಕರವಸ್ತ್ರ ಜೋಡಿಸಿದಳು. ಬಡಗಿ ಬಂದು ನಡುವೆ ಹಲಗೆ ಹೊಡೆಯುವ ತನಕ ಅಷ್ಟು ಸಾಕಿತ್ತು.

ಭಾನುವಾರ ದೊಡ್ಡಕ್ಕ ಬಂದಳು, ಅಮ್ಮನ ಬಟ್ಟೆಗೆಂದು ಖಾಲಿ ಪೆಟ್ಟಿಗೆಯನ್ನೂ ತಂದಿದ್ದಳು. ಕನ್ನಡಕ ಏರಿಸಿಕೊಂಡು ಪಟ್ಟಿ ಕೈಗೆತ್ತಿಕೊಂಡಳು. ಹನ್ನೊಂದರಲ್ಲಿ ಹತ್ತು ಸಾಲು ಹೊಡೆದುಹಾಕಿತ್ತು.

"ಇದೇನೇ ಇದು? ಅಮ್ಮನ ತಪ್ಪು ಎಲ್ಲಿ?"

"ಹೊಡೆದಿರೋದೆಲ್ಲ ನಂದು ಅಕ್ಕ," ಎಂದಳು ಕಿರಿಯವಳು.

ಆಮೇಲೆ ಗೂಡುಗಳ ಮುಂದೆ ನಿಲ್ಲಿಸಿ ಎಲ್ಲ ಹೇಳಿದಳು. ದೊಡ್ಡಕ್ಕ ಪ್ರೊಸೆಸರ್ ಎಂಬಲ್ಲಿ ಕೈಬಿಟ್ಟಳು, ಗೇಣು ಎಂಬಲ್ಲಿ ಹಿಡಿದುಕೊಂಡಳು. ತಾನೂ ಎಡತುದಿಗೆ ಹೆಬ್ಬೆರಳು ಊರಿ ಐದರ ತನಕ ಹೋಗಿ ನೋಡಿದಳು. ಹೋಗುವಾಗ ಮೂರನೆಯದರ ಮೇಲೆ ಅವಳ ಕೈಯೂ ನಿಧಾನವಾಯಿತು. ಉಳಿದ ಹನ್ನೊಂದನೆಯ ಸಾಲು, ಎದುರು ಮನೆಯಾಕೆಯ ಹೆಸರು ಮರೆತದ್ದು. ಆ ಹೆಸರು ಹೊಸ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಸೋಮವಾರ ಡಾಕ್ಟರರ ಹತ್ತಿರ ಹೋದರು, ಗೊತ್ತುಮಾಡಿದ್ದಕ್ಕೆ. ಅವರು ಅಮ್ಮನನ್ನು ಮುಕ್ಕಾಲು ಗಂಟೆ ಮಾತಾಡಿಸಿ, ಇವರ ನೆನಪು ನನಗಿಂತ ಗಟ್ಟಿ, ಕಣ್ಣಿನ ಹನಿ ಮಾತ್ರ ಬಿಡಬೇಡಿ ಎಂದು ಕಳಿಸಿದರು. ದೊಡ್ಡಕ್ಕ ಅಲ್ಲಿಂದಲೇ ಆರೈಕೆ ಕೇಂದ್ರಕ್ಕೆ ಫೋನು ಮಾಡಿ ಮಂಚ ಬಿಡಿಸಿದಳು, ಖಾಲಿ ಪೆಟ್ಟಿಗೆಯನ್ನು ಖಾಲಿಯಾಗಿಯೇ ಎತ್ತಿಕೊಂಡು ಬಸ್ಸು ಹತ್ತಿದಳು.

ಆಫೀಸಿನಲ್ಲಿ ಅಷ್ಟು ಸುಲಭವಾಗಲಿಲ್ಲ. ತನ್ನ ತಪ್ಪೆಂದು ಕಿರಿಯವಳೇ ಎದ್ದು ನಿಂತು ಹೇಳಿದಳು. ಇಲ್ಲದವಕ್ಕೆ ಮತ್ತೆ ಗೂಡು ಕಟ್ಟಿದರೆ ಮೆಮೊರಿಗೆ ಎಲ್ಲಿಗೆ ಹೋಗುತ್ತೀರಿ ಎಂದು ಮ್ಯಾನೇಜರ್ ಹಣೆ ಒತ್ತಿಕೊಂಡರು. ಅವಳು ನಾಲ್ಕು ದಿನ ಕೂತು ಗೂಡುಗಳೊಳಗೆ ಏನೇನಿದೆ ಎಂದು ಒಂದೊಂದೇ ತೆಗೆದು ನೋಡಿದಳು. ಎಲ್ಲರಿಗೂ ಒಂದೇ ಆಗಿರುವ, ಯಾರೂ ತಿದ್ದದ, ದೊಡ್ಡದೊಂದು ಉಚ್ಚಾರದ ಪಟ್ಟಿ ಎಂಟು ಗೂಡಿನಲ್ಲೂ ಎಂಟು ಪ್ರತಿಯಾಗಿ ಕೂತಿತ್ತು. ಅದನ್ನು ನಡುಕೋಣೆಯ ಗಡಿಯಾರದ ಹಾಗೆ ಎಲ್ಲರೂ ನೋಡುವಲ್ಲಿ ಒಂದೇ ಇಟ್ಟಳು. ಗೂಡುಗಳು ಕಿರಿದಾದವು, ಆದರೆ ಎಂಟೂ ಉಳಿದವು. ಗೂಡು ಎಷ್ಟು ಎಂದು ಇನ್ನು ಮೇಲೆ ಕರ್ನಲ್ ತಲೆ ಎಣಿಸುವುದಿಲ್ಲ, ಕೊನೆಯವರ ಸಂಖ್ಯೆ ಎಷ್ಟೆಂದು ಕೇಳುತ್ತದೆ. ಹೊಸದೆಲ್ಲ ಹಳೆಯ ಪೆಟ್ಟಿಗೆಗಳಲ್ಲಿ ಹಿಡಿಸಿತು.

ಮುಂದಿನ ಶನಿವಾರ ಮಧ್ಯಾಹ್ನ ಇಬ್ಬರೂ ಮನೆಯಲ್ಲಿದ್ದರು. ಪರದೆ ಉಬ್ಬಿ ಇಳಿಯುತ್ತಿತ್ತು. ಚಕ್ರ ತಗ್ಗಿಸಬೇಡ, ಹಾಗೇ ಕೇಳು ಎಂದು ಮಗಳು ಹಟಮಾಡಿದ್ದರಿಂದ ಪೆಟ್ಟಿಗೆ ಪೂರ್ತಿ ವೇಗದಲ್ಲಿ ಓದುತ್ತಿತ್ತು, ಮಗಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅಮ್ಮ ಬಹಳ ಹೊತ್ತು ಕಿವಿಗೊಟ್ಟು ಕೂತಿದ್ದಳು. ಕೊನೆಗೆ ಪುಸ್ತಕ ಮುಗಿದು ಪೆಟ್ಟಿಗೆ ಸುಮ್ಮನಾಯಿತು.

"ಅವನು ಬರ್ಲಿಲ್ಲ," ಎಂದಳು ಅಮ್ಮ. "ಸರಿ ಮಾಡಿದ್ಯಲ್ಲ, ಇನ್ನು ಬರಲ್ಲ ಅಲ್ವಾ?"

ಮಗಳು ಗುಂಡಿ ಒತ್ತಿ ಪೆಟ್ಟಿಗೆ ಆರಿಸಿದಳು. ಬರುವುದಿಲ್ಲ ಎಂದಳು.

"ಬರದಿದ್ರೂ ಪರವಾಗಿಲ್ಲ ಬಿಡು," ಎಂದಳು ಅಮ್ಮ, ಮಡಿಲಲ್ಲಿದ್ದ ಬಟ್ಟೆ ಮಡಿಸುತ್ತ. "ಅವನ ಟೋಪಿ ಮಾತ್ರ ನಾವು ತೆಗೆದು ಇಟ್ಟಿರ್ಬೇಕು, ಅಷ್ಟೆ."

ಕಿರಿಯವಳು ಎದ್ದು ಒರೆಸುವ ಬಟ್ಟೆ ತಂದು, ಮೂರನೆಯ ಗೂಡಿನಿಂದ ಶುರುಮಾಡಿದಳು.